ಸಂದರ್ಶನದಲ್ಲಿ ಬಾಯಿ ಬಿಡದ ಹುಡುಗ

ನ್ಯೂಟ್ರಾನ್ ಕಂಡುಹಿಡಿದವರು ಜೇಮ್ಸ್ ಚಾಡ್ವಿಕ್, 1932. ಪಿಯುಸಿಯ ಒಂದು ಅಂಕದ ಪ್ರಶ್ನೆಗೆ ಅಷ್ಟು ಸಾಕಿತ್ತು. ಬಿ.ಇ. ಸೆಮಿನಾರಿಗೆಂದು ನ್ಯೂಟ್ರಾನ್ ಇಮೇಜಿಂಗ್ ಬಗ್ಗೆ ಓದತೊಡಗಿದಾಗ ಆ ಒಂದು ಅಂಕದ ಹಿಂದಿನ ಬದುಕು ನನ್ನನ್ನು ಹಿಡಿದು ನಿಲ್ಲಿಸಿತು.

ಚಾಡ್ವಿಕ್ ಹುಟ್ಟಿದ್ದು 1891ರಲ್ಲಿ, ಇಂಗ್ಲೆಂಡಿನ ಬಡ ಕುಟುಂಬವೊಂದರಲ್ಲಿ. ಗಣಿತ ಓದುವ ಆಸೆಯಿಂದ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಪ್ರವೇಶ ಸಂದರ್ಶನಕ್ಕೆ ಹೋದರು. ಪ್ರಶ್ನೆ ಕೇಳಿದ್ದು ಭೌತವಿಜ್ಞಾನದ ಅಧ್ಯಾಪಕರು. ತಾನು ಬಂದದ್ದು ಇದಕ್ಕಲ್ಲ ಎಂದು ಹೇಳಲು ಸಂಕೋಚ. ಸುಮ್ಮನೆ ಭೌತವಿಜ್ಞಾನಕ್ಕೇ ಸೇರಿದರು. ಅಲ್ಲಿ ರುದರ್‌ಫರ್ಡ್ ಅವರ ಶಿಷ್ಯರಾದರು.

1913ರಲ್ಲಿ ವಿದ್ಯಾರ್ಥಿವೇತನ ಪಡೆದು ಗೈಗರ್ ಬಳಿ ಕಲಿಯಲು ಬರ್ಲಿನ್‌ಗೆ ಹೋದರು. ಮರುವರ್ಷವೇ ಮಹಾಯುದ್ಧ. ಬ್ರಿಟಿಷರೆಂಬ ಕಾರಣಕ್ಕೆ ರೂಲೆಬೆನ್ ಶಿಬಿರದಲ್ಲಿ, ಕುದುರೆ ಲಾಯದಲ್ಲಿ ನಾಲ್ಕು ವರ್ಷ ಬಂಧನ. ನಮ್ಮ ಬಿ.ಇ.ಯಷ್ಟೇ ಅವಧಿ! ಅಲ್ಲಿಯೂ ಅಂಗಡಿಯಲ್ಲಿ ಸಿಗುತ್ತಿದ್ದ ವಿಕಿರಣಶೀಲ ಟೂತ್‌ಪೇಸ್ಟ್ ತರಿಸಿ ಪ್ರಯೋಗ ಮಾಡಿದರು.

ಬಿಡುಗಡೆಯಾದ ಮೇಲೆ ಕೇಂಬ್ರಿಡ್ಜ್. ಕತ್ತಲೆ ಕೋಣೆಯಲ್ಲಿ ಕೂತು, ಜಿಂಕ್ ಸಲ್ಫೈಡ್ ಪರದೆಯ ಮೇಲೆ ಮಿನುಗುವ ಕಿಡಿಗಳನ್ನು ಸೂಕ್ಷ್ಮದರ್ಶಕದಲ್ಲಿ ಎಣಿಸುವ ಕೆಲಸ. ಹೀಗೆ ವಿಕಿರಣ ತಾಗಿದರೆ ಮಿನುಗುವ ವಸ್ತುವೇ ಸಿಂಟಿಲೇಟರ್. ಆದರೆ ನ್ಯೂಟ್ರಾನ್‌ಗೆ ವಿದ್ಯುದಾವೇಶವಿಲ್ಲ, ಅದು ನೇರವಾಗಿ ಗುರುತು ಬಿಡುವುದಿಲ್ಲ. 1932ರ ಆರಂಭದಲ್ಲಿ, ಮೇಣದಿಂದ ಪ್ರೋಟಾನ್‌ಗಳು ಚಿಮ್ಮುವುದನ್ನು ಪ್ಯಾರಿಸ್‌ನ ಜೋಲಿಯೊ-ಕ್ಯೂರಿ ದಂಪತಿ ಕಂಡರು. ಅದು ಗಾಮಾ ಕಿರಣದ ಕೆಲಸವೆಂದು ಅವರು ಭಾವಿಸಿದರು. ಚಾಡ್ವಿಕ್ ಒಪ್ಪಲಿಲ್ಲ. ಕೆಲವೇ ವಾರ ನಿದ್ದೆಗೆಟ್ಟು ದುಡಿದು, ಅದು ನ್ಯೂಟ್ರಾನ್ ಎಂದು ತೋರಿಸಿದರು. 1935ರಲ್ಲಿ ನೊಬೆಲ್ ಬಂತು.

ಅದೇ ವರ್ಷ ಅವರು ಗೋಲ್ಡ್‌ಹೇಬರ್ ಜತೆ ಸೇರಿ, ನಿಧಾನಗತಿಯ ನ್ಯೂಟ್ರಾನ್ ಲಿಥಿಯಂ ಮತ್ತು ಬೋರಾನ್ ಪರಮಾಣುಗಳನ್ನು ಒಡೆಯುತ್ತದೆಂದು ತೋರಿಸಿದರು. ಇಂದಿನ ನ್ಯೂಟ್ರಾನ್ ಕ್ಯಾಮೆರಾದಲ್ಲಿ ನಡೆಯುವುದೂ ಇದೇ: ಲಿಥಿಯಂ-6 ನ್ಯೂಟ್ರಾನನ್ನು ಹಿಡಿದು ಒಡೆಯುತ್ತದೆ, ಆ ಚೂರುಗಳು ತಾಗಿ ಪಕ್ಕದ ಜಿಂಕ್ ಸಲ್ಫೈಡ್ ಮಿನುಗುತ್ತದೆ. ಎಕ್ಸ್-ರೇಯನ್ನು ತಡೆಯುವ ಸೀಸದ ಹಿಂದಿರುವ ನೀರು, ಎಣ್ಣೆಯೂ ಇದರಲ್ಲಿ ಕಾಣುತ್ತದೆ.

ತೊಡಕೂ ಇದೆ. ಪದರ ದಪ್ಪವಾದರೆ ಚಿತ್ರ ಮಸುಕಾಗುತ್ತದೆ, ತನ್ನದೇ ಬೆಳಕನ್ನು ಜಿಂಕ್ ಸಲ್ಫೈಡ್ ತಾನೇ ತಡೆಯುತ್ತದೆ. ತೆಳುವಾದರೆ ಹೆಚ್ಚಿನ ನ್ಯೂಟ್ರಾನ್‌ಗಳು ಸಿಗದೆ ಪಾರಾಗುತ್ತವೆ. ಹಾಗಾಗಿ ಇದಕ್ಕಿಂತ ಒಳ್ಳೆಯ ವಸ್ತುವಿನ ಹುಡುಕಾಟ ಇನ್ನೂ ನಡೆದಿದೆ.

ಪ್ಲೇಸ್‌ಮೆಂಟ್ ಹೊತ್ತಿನಲ್ಲಿ ಇಂಥ ವಿಷಯ ಹಿಡಿದರೆ ಕೆಲಸ ಕೊಡುವವರ್ಯಾರು ಎಂದು ಗೆಳೆಯರು ಕೇಳುತ್ತಾರೆ. ಮನೆಯಲ್ಲಿ ಸಾಲದ ಕಂತಿದೆ, ಅವರ ಮಾತು ತಳ್ಳಿಹಾಕುವಂಥದ್ದಲ್ಲ. ಕಂಪನಿಗಳ ಸಂದರ್ಶನಕ್ಕೆ ನಾನೂ ಹೋಗುತ್ತೇನೆ. ಜತೆಗೆ ಮೆಟೀರಿಯಲ್ಸ್ ವಿಷಯದಲ್ಲಿ ಎಂ.ಟೆಕ್. ಮಾಡಲು ಗೇಟ್‌ಗೂ ಓದುತ್ತಿದ್ದೇನೆ. ಬಯಸಿದ ವಿಷಯ ಸಿಗದೆಯೂ, ನಾಲ್ಕು ವರ್ಷ ಕೈತಪ್ಪಿಯೂ ಚಾಡ್ವಿಕ್ ಕೆಲಸ ನಿಲ್ಲಿಸಲಿಲ್ಲ. ಸದ್ಯ ನನಗೆ ಅಷ್ಟು ಧೈರ್ಯ ಸಾಕು.