ಹಸಿ ಗಾರೆಯ ಮೇಲೆ ಬರೆದ ವಿಶ್ವಾಸ



ತಪಸ್ಸುಕಾಲದ ಶುಕ್ರವಾರಗಳಲ್ಲಿ ನೀವು ಮಕ್ಕಳೊಡನೆ ಶಿಲುಬೆಹಾದಿಗೆ ಬರುತ್ತೀರಿ. ಹದಿನಾಲ್ಕು ಸ್ಥಳಗಳ ಮುಂದೆ ಮೊಣಕಾಲೂರುತ್ತೀರಿ. ಪ್ರಾರ್ಥನೆಗಳು ಬಾಯಿಪಾಠವಾಗಿವೆ. ಆದರೆ ಗೋಡೆಯ ಮೇಲಿನ ಚಿತ್ರಗಳನ್ನು ಕಣ್ಣಿಟ್ಟು ನೋಡಿದವರು ನಮ್ಮಲ್ಲಿ ಎಷ್ಟು ಮಂದಿ? ಬಣ್ಣ ಕುಂಚಗಳಿಂದಲೇ ಶುಭಸಂದೇಶ ಸಾರಿ, ಭಾರತದ ಮಣ್ಣಿನಲ್ಲೇ ಕಣ್ಮುಚ್ಚಿದ ಯೇಸುಸಭೆಯ ಬ್ರದರ್ ಅಂತೋನಿಯೊ ಮೊಸ್ಕೇನಿಯವರನ್ನು ಇಂದು ನಿಮಗೆ ಪರಿಚಯಿಸುತ್ತೇನೆ.

ಮೊಸ್ಕೇನಿ 1854ರಲ್ಲಿ ಇಟಲಿಯ ಬೆರ್ಗಮೊ ನಗರದ ಸಮೀಪದ ಸ್ತೆತ್ಸಾನೊ ಎಂಬ ಊರಿನಲ್ಲಿ ಜನಿಸಿದರು. ಬೆರ್ಗಮೊದ ಕರಾರಾ ಅಕಾಡೆಮಿಯಲ್ಲಿ ಚಿತ್ರಕಲೆ ಕಲಿತರು. ಆ ಸಂಸ್ಥೆಯ ಸಂಗ್ರಹದಲ್ಲಿ ವಿಂಚೆನ್ಸೊ ಫೊಪ್ಪಾ 1456ರಲ್ಲಿ ಬರೆದ ಮೂರು ಶಿಲುಬೆಗಳ ಚಿತ್ರವಿದೆ. ಅದರಲ್ಲಿ ಶಿಲುಬೆಗಳಿಗೆ ಚೌಕಟ್ಟಾಗಿ ರೋಮನ್ನರ ಮಾದರಿಯ ಕಮಾನು ಇದೆ. ಗೆದ್ದು ಬಂದ ಚಕ್ರವರ್ತಿಗಳಿಗೆ ರೋಮನ್ನರು ಕಟ್ಟಿಸುತ್ತಿದ್ದುದು ವಿಜಯದ ಕಮಾನುಗಳನ್ನು. ಅಂಥ ಕಮಾನಿನೊಳಗೆ ಇಲ್ಲಿ ಶಿಲುಬೆಗೇರಿದ ಯೇಸುಸ್ವಾಮಿ ಇದ್ದಾರೆ. ಲೋಕ ಸೋಲು ಎಂದದ್ದನ್ನು ವಿಶ್ವಾಸ ವಿಜಯವೆಂದು ಕಾಣುತ್ತದೆ. ಇಂಥ ಚಿತ್ರಗಳನ್ನು ಓದಲು ಅಕ್ಷರ ಬೇಕಿಲ್ಲ, ನೋಡುವ ತಾಳ್ಮೆ ಬೇಕು.

1889ರಲ್ಲಿ ಮೊಸ್ಕೇನಿ ಯೇಸುಸಭೆ ಸೇರಿದರು. ಅವರು ಗುರುಗಳಾಗಲಿಲ್ಲ; ಕೈಕೆಲಸದಿಂದ ಸೇವೆ ಮಾಡುವ ಧರ್ಮಸಹೋದರರಾಗಿಯೇ ಉಳಿದರು. 1898ರಲ್ಲಿ ಮಂಗಳೂರಿಗೆ ಬಂದರು. ಸಂತ ಅಲೋಶಿಯಸ್ ಕಾಲೇಜಿನ ಕಿರುದೇವಾಲಯವನ್ನು ಸುಮಾರು ಎರಡು ವರ್ಷಗಳ ದುಡಿಮೆಯಿಂದ ಚಿತ್ರಗಳಿಂದ ತುಂಬಿದರು. ಚಾವಣಿಗೆ ಕ್ಯಾನ್ವಾಸಿನ ಮೇಲೆ ತೈಲಚಿತ್ರಗಳು, ಗೋಡೆಗಳಿಗೆ ಫ್ರೆಸ್ಕೊ ಚಿತ್ರಗಳು. ಮನೆಗೆ ಸುಣ್ಣ ಬಳಿಯುವ ನಮ್ಮ ಬೀಡಿ, ಖಾನಾಪುರ ಕಡೆಯ ಜನರಿಗೆ ಫ್ರೆಸ್ಕೊ ಎಂದರೇನೆಂದು ವಿವರಿಸುವುದು ಕಷ್ಟವಲ್ಲ. ಸುಣ್ಣದ ಗಾರೆ ಹಸಿಯಾಗಿರುವಾಗಲೇ ಬಣ್ಣ ಹಚ್ಚಬೇಕು. ಗಾರೆ ಗಟ್ಟಿಯಾಗುತ್ತಾ ಬಣ್ಣವನ್ನು ತನ್ನೊಳಗೆ ಹಿಡಿದುಕೊಳ್ಳುತ್ತದೆ. ಆದ್ದರಿಂದ ಒಂದು ದಿನಕ್ಕೆ ಎಷ್ಟು ಸಾಧ್ಯವೋ ಅಷ್ಟೇ ಗಾರೆ, ಅಷ್ಟೇ ಚಿತ್ರ. ತಪ್ಪಿದರೆ ಕೆತ್ತಿ ತೆಗೆದು ಮತ್ತೆ ಮಾಡಬೇಕು.

ಮೊಸ್ಕೇನಿಯವರ ಕಡೆಯ ಕೆಲಸ ಕೊಚ್ಚಿಯ ಸಾಂತಾ ಕ್ರೂಜ್, ಅಂದರೆ ಪವಿತ್ರ ಶಿಲುಬೆಯ ಪ್ರಧಾನಾಲಯದಲ್ಲಿ. ಅಲ್ಲಿ ಯೇಸುಸ್ವಾಮಿಯ ಪಾಡುಗಳ ದೊಡ್ಡ ಚಿತ್ರಗಳಿವೆ. ಅವುಗಳಲ್ಲಿ ಕಡೆಯ ಭೋಜನದ ಚಿತ್ರಕ್ಕೆ ಲಿಯೊನಾರ್ಡೊ ಡ ವಿಂಚಿ 1490ರ ದಶಕದಲ್ಲಿ ಮಿಲಾನ್ ನಗರದಲ್ಲಿ ಬರೆದ ಚಿತ್ರವೇ ಮಾದರಿ. ಲಿಯೊನಾರ್ಡೊ ಆ ಮೇಜಿನ ಬಳಿಯೇ ಮುಂದಿನ ಯಾತನೆಯನ್ನೆಲ್ಲ ಸೂಚಿಸಿದ್ದಾನೆ. ಯೂದನ ಕೈಯಲ್ಲಿ ಹಣದ ಚೀಲ. ಪೇತ್ರನ ಕೈಯಲ್ಲಿ ಚಾಕು. ಅದೇ ರಾತ್ರಿ ಆತ ಪ್ರಧಾನಯಾಜಕನ ಆಳಿನ ಕಿವಿ ಕತ್ತರಿಸುವನು. ತೋಮನ ಮೇಲೆತ್ತಿದ ಬೆರಳು, ಮುಂದೆ ಗಾಯಗಳನ್ನು ಮುಟ್ಟಿ ನೋಡಬೇಕೆಂದ ಬೆರಳು. ಸ್ವಾಮಿಯ ತಲೆಯ ಹಿಂದೆ ಪ್ರಭಾವಳಿಯಿಲ್ಲ, ಕಿಟಕಿಯ ಬೆಳಕಿದೆ.

ಆ ಪ್ರಧಾನಾಲಯ 1905ರ ನವೆಂಬರ್ 19ರಂದು ಪ್ರತಿಷ್ಠೆಯಾಯಿತು. ಆದರೆ ಅದನ್ನು ಅಲಂಕರಿಸಿದ ಕೈ ಅಷ್ಟರಲ್ಲಿ ತಣ್ಣಗಾಗಿತ್ತು. ಪ್ರತಿಷ್ಠೆಗೆ ನಾಲ್ಕೇ ದಿನ ಮೊದಲು, ನವೆಂಬರ್ 15ರಂದು, ಬ್ರದರ್ ಮೊಸ್ಕೇನಿ ಕೊಚ್ಚಿಯಲ್ಲೇ ದೇವರ ಪಾದ ಸೇರಿದ್ದರು. ಆಗ ಅವರಿಗೆ 51 ವರ್ಷ. ದೀಪ ಹಚ್ಚಿದ ಆ ದೇವಾಲಯವನ್ನು ಅವರು ನೋಡಲಿಲ್ಲ.

ಪ್ರಿಯರೇ, ನಾವೂ ಅನೇಕ ಕೆಲಸಗಳ ಫಲ ಕಾಣದೆ ಹೋಗುತ್ತೇವೆ. ಮಕ್ಕಳಿಗೆ ಜಪ ಕಲಿಸಿದ ಅಜ್ಜಿಗೆ ಆ ಮಕ್ಕಳ ಮುಂದಿನ ಬಾಳು ಕಾಣಸಿಗದು. ಆದರೂ ಗಾರೆ ಹಸಿಯಾಗಿರುವಾಗ ಇಂದಿನ ಪಾಲಿನ ಬಣ್ಣ ಹಚ್ಚುವುದು ನಮ್ಮ ಕರ್ತವ್ಯ. ಪ್ರತಿಷ್ಠೆಯ ದಿನವನ್ನು ದೇವರಿಗೆ ಬಿಡೋಣ.

ಈ ಶುಕ್ರವಾರ ಶಿಲುಬೆಹಾದಿ ಮುಗಿದ ಮೇಲೆ ಐದು ನಿಮಿಷ ನಿಲ್ಲಿ. ಮಗುವನ್ನು ಒಂದು ಚಿತ್ರದ ಮುಂದೆ ಕರೆದೊಯ್ದು, ಯಾರ ಕೈಯಲ್ಲಿ ಏನಿದೆ ಎಂದು ಕೇಳಿರಿ. ಬಳಿಕ ನಮ್ಮ ಕೈಯಲ್ಲಿ ಏನಿದೆ ಎಂದು ನಾವೇ ನೋಡಿಕೊಳ್ಳೋಣ.