ಕೆಜಿಎಫ್‌ಗೆ ಕರೆಂಟ್ ತಂದದ್ದು ವಿಶ್ವೇಶ್ವರಯ್ಯನವರೇ? ಆಟೋಮೇಷನ್ ಕಥೆಯ ಸುಳ್ಳು-ನಿಜ

ಪ್ರತಿ ಸೆಪ್ಟೆಂಬರ್ 15ರ ಇಂಜಿನಿಯರ್‌ಗಳ ದಿನ ಬಂತೆಂದರೆ ವಾಟ್ಸಾಪ್‌ನಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಫೋಟೊ ಹರಿದಾಡುತ್ತದೆ. ಕೋಲಾರದ ಚಿನ್ನದ ಗಣಿಗೆ ಕರೆಂಟ್ ಕೊಟ್ಟವರೂ ಅವರೇ ಎಂದು ನಂಬಿದವರು ಬಹಳ ಜನ. ಇದು ನಿಜವೇ? ನೋಡೋಣ.

ಶಿವನಸಮುದ್ರದಿಂದ ಸುಮಾರು 147 ಕಿ.ಮೀ. ದೂರದ ಕೆಜಿಎಫ್‌ಗೆ ವಿದ್ಯುತ್ ಹರಿದದ್ದು 1902ರಲ್ಲಿ. ಆಗ ವಿಶ್ವೇಶ್ವರಯ್ಯನವರು ಮೈಸೂರು ಸರ್ಕಾರದಲ್ಲಿ ಇರಲೇ ಇಲ್ಲ, ಬಾಂಬೆ ಪ್ರಾಂತ್ಯದಲ್ಲಿ ಇಂಜಿನಿಯರ್ ಆಗಿದ್ದರು. ಆ ಕೆಲಸಕ್ಕೆ ಬೆನ್ನೆಲುಬಾಗಿದ್ದವರು ದಿವಾನ್ ಕೆ. ಶೇಷಾದ್ರಿ ಅಯ್ಯರ್ ಮತ್ತು ಇಂಜಿನಿಯರ್ ಜೋಲಿ ಡಿ ಲಾಟ್ಬಿನಿಯರ್. ಪಾಪ, ಶೇಷಾದ್ರಿ ಅಯ್ಯರ್ 1901ರಲ್ಲೇ ತೀರಿಕೊಂಡರು. ಗಣಿಗೆ ಬೆಳಕು ಬಂದದ್ದನ್ನು ಅವರು ನೋಡಲಿಲ್ಲ. ಫಾರ್ವರ್ಡ್‌ಗಳಲ್ಲೂ ಅವರ ಹೆಸರು ಕಾಣುವುದು ಅಪರೂಪ.

ಹಾಗಾದರೆ ವಿಶ್ವೇಶ್ವರಯ್ಯನವರಿಗೂ ಕೆಜಿಎಫ್‌ಗೂ ಸಂಬಂಧವೇ ಇಲ್ಲವೇ? ಇದೆ.

ಅವರು ಹುಟ್ಟಿದ ಮುದ್ದೇನಹಳ್ಳಿ ಆಗ ಕೋಲಾರ ಜಿಲ್ಲೆಯಲ್ಲೇ ಇತ್ತು, ಈಗ ಚಿಕ್ಕಬಳ್ಳಾಪುರಕ್ಕೆ ಸೇರಿದೆ. ಬೆಂಗಳೂರಿನ ಸೆಂಟ್ರಲ್ ಕಾಲೇಜು, ಪುಣೆಯಲ್ಲಿ ಇಂಜಿನಿಯರಿಂಗ್, 1884ರಲ್ಲಿ ಬಾಂಬೆ ಪ್ರಾಂತ್ಯದಲ್ಲಿ ಸರ್ಕಾರಿ ಕೆಲಸ. ಪುಣೆ ಹತ್ತಿರದ ಖಡಕ್‌ವಾಸ್ಲಾ ಜಲಾಶಯಕ್ಕೆ 1903ರಲ್ಲಿ ಅವರ ಆಟೋಮ್ಯಾಟಿಕ್ ಗೇಟುಗಳು ಬಂದವು. ನೀರು ಗೊತ್ತಾದ ಮಟ್ಟ ದಾಟಿದರೆ ಗೇಟು ತಾನೇ ತೆರೆಯಬೇಕು, ಇಳಿದರೆ ತಾನೇ ಮುಚ್ಚಬೇಕು. ಇದಕ್ಕೆ ಮೋಟಾರೂ ಇಲ್ಲ, ಕಾವಲುಗಾರನ ಕೂಗೂ ಬೇಕಿಲ್ಲ. ನೀರಿನ ಏರಿಳಿತ ಮತ್ತು ಎದುರು ತೂಕದ ಸಮತೋಲನವೇ ಕೆಲಸ ಮಾಡುತ್ತದೆ. ಅಣೆಕಟ್ಟನ್ನು ಎತ್ತರಿಸದೆಯೇ ಹೆಚ್ಚು ನೀರು ನಿಲ್ಲಿಸಲು ಸಾಧ್ಯವಾಯಿತು.

ಇಂದು ಬಂಗಾರಪೇಟೆಯಿಂದ ರೈಲು ಹತ್ತಿ ಬೆಂಗಳೂರಿನ ಆಫೀಸುಗಳಿಗೆ ಹೋಗುವ ಹುಡುಗ ಹುಡುಗಿಯರು ಬಳಸುವ ವರ್ಕ್‌ಫ್ಲೋ ಸಾಫ್ಟ್‌ವೇರ್ ಕೂಡ ಇದೇ ಲೆಕ್ಕ. ಬಿಲ್ ಇಷ್ಟು ಮೊತ್ತ ದಾಟಿದರೆ ಮ್ಯಾನೇಜರ್‌ಗೆ ಹೋಗಲಿ, ಇಲ್ಲವಾದರೆ ನೇರ ಪಾಸ್ ಆಗಲಿ. ಷರತ್ತು ಒಂದು, ಅದಕ್ಕೆ ತಕ್ಕ ಕ್ರಿಯೆ ಒಂದು. ಆ ಮಟ್ಟ ಎಷ್ಟಿರಬೇಕು ಎಂದು ನಿರ್ಧರಿಸುವುದು ಮಾತ್ರ ಅಂದೂ ಮನುಷ್ಯನೇ, ಇಂದೂ ಮನುಷ್ಯನೇ. ಮಟ್ಟ ತಪ್ಪಾಗಿ ಇಟ್ಟರೆ ಯಂತ್ರ ಆ ತಪ್ಪನ್ನೇ ಚಾಚೂ ತಪ್ಪದೆ ಮಾಡುತ್ತದೆ!

1909ರಲ್ಲಿ ಅವರು ಮೈಸೂರಿನ ಮುಖ್ಯ ಇಂಜಿನಿಯರ್ ಆದರು. ಬೇಸಿಗೆಯಲ್ಲಿ ಕಾವೇರಿ ಬತ್ತಿದರೆ ಶಿವನಸಮುದ್ರದಲ್ಲಿ ವಿದ್ಯುತ್ ಕುಸಿಯುತ್ತಿತ್ತು. ಆ ವಿದ್ಯುತ್ತನ್ನೇ ನಂಬಿದ್ದ ಕೆಜಿಎಫ್ ಗಣಿಗಳಿಗೆ ಇದು ಸಣ್ಣ ತೊಂದರೆಯಲ್ಲ. 1911ರಲ್ಲಿ ಕನ್ನಂಬಾಡಿ ಅಣೆಕಟ್ಟು ಶುರುವಾಗಲು ನೀರಾವರಿಯಷ್ಟೇ ಈ ವಿದ್ಯುತ್ತೂ ಕಾರಣ. ಮಂಡ್ಯದ ಗದ್ದೆಗಳ ಬಗ್ಗೆ ಎಲ್ಲರೂ ಹೇಳುತ್ತಾರೆ, ಗಣಿಯ ವಿಷಯ ಯಾಕೋ ಮರೆಯುತ್ತಾರೆ. ಅಲ್ಲಿಯೂ ಆಟೋಮ್ಯಾಟಿಕ್ ಗೇಟುಗಳು ಬಂದವು.

1912ರಿಂದ 1918ರವರೆಗೆ ದಿವಾನರಾಗಿದ್ದು, 1955ರಲ್ಲಿ ಭಾರತರತ್ನ ಪಡೆದ ಅವರು 1962ರಲ್ಲಿ ನಿಧನರಾದರು. ಕೆಜಿಎಫ್ ಗಣಿ 2001ರಲ್ಲಿ ಮುಚ್ಚಿತು.

ಮುಂದಿನ ಸೆಪ್ಟೆಂಬರ್‌ನಲ್ಲಿ ಆ ಮೆಸೇಜ್ ಬಂದರೆ ಹೀಗೆ ತಿದ್ದಿ ಕಳಿಸಿ: ಗಣಿಗೆ ಕರೆಂಟ್ ತಂದದ್ದು ಶೇಷಾದ್ರಿ ಅಯ್ಯರ್ ಕಾಲದ ಯೋಜನೆ, ಆ ಕರೆಂಟ್ ಬೇಸಿಗೆಯಲ್ಲೂ ನಿಲ್ಲದಿರಲು ಕನ್ನಂಬಾಡಿಯಲ್ಲಿ ನೀರು ಕಟ್ಟಲು ಹೊರಟವರು ವಿಶ್ವೇಶ್ವರಯ್ಯ.