ಮೀಸೆಯ ತಾಯಿ

ಗುಜರಾತಿನ ಭಾವನಗರದಲ್ಲಿ ತಖ್ತೇಶ್ವರನ ಗುಡಿಯಿರುವ ಗುಡ್ಡ ಊರಿಗೆಲ್ಲ ಕಾಣುವಂಥದು. ಅದರ ಸಮೀಪದ ದಿಬ್ಬದ ಮೇಲೆ, ಇನ್ನೂ ಅಕ್ಷರವರಿಯದ ಎಳೆಯ ಮಕ್ಕಳಿಗೆಂದು ಕಟ್ಟಿಸಿದ ಶಾಲೆಯೊಂದನ್ನು 1922ರಲ್ಲಿ ಕಸ್ತೂರಬಾ ಗಾಂಧಿಯವರು ಉದ್ಘಾಟಿಸಿದರು. ಆ ಶಾಲೆಯಲ್ಲಿ ಬೆತ್ತವಿರಲಿಲ್ಲ. ಮೊದಲನೆಯವನು, ಕೊನೆಯವನು ಎಂಬ ಎಣಿಕೆಯೂ ಇರಲಿಲ್ಲ. ಮಕ್ಕಳು ಹಾಡುತ್ತಿದ್ದರು, ಮಣ್ಣಿನಲ್ಲಿ ಗೊಂಬೆ ಮಾಡುತ್ತಿದ್ದರು, ಗಿಡಗಳಿಗೆ ನೀರೆರೆಯುತ್ತಿದ್ದರು. ಅವರ ನಡುವೆ ದಟ್ಟವಾದ ಮೀಸೆಯುಳ್ಳ ಗೃಹಸ್ಥರೊಬ್ಬರು ನೆಲದ ಮೇಲೆ ಕುಳಿತು ಕಥೆ ಹೇಳುತ್ತಿದ್ದರು. ಗುಜರಾತಿನ ಜನ ಅವರನ್ನು ಪ್ರೀತಿಯಿಂದ ಮೀಸೆಯ ತಾಯಿ ಎಂದು ಕರೆದರು. ಅವರೇ ಗಿಜುಭಾಯಿ ಬಧೇಕಾ.

ಅವರ ಪೂರ್ಣ ಹೆಸರು ಗಿರಿಜಾಶಂಕರ ಭಗವಾನಜೀ ಬಧೇಕಾ. ಸೌರಾಷ್ಟ್ರದ ಚಿತ್ತಲ ಎಂಬ ಊರಿನಲ್ಲಿ 1885ನೆಯ ನವೆಂಬರ್ 15ರಂದು ಜನಿಸಿದರು. ಅವರ ಬಾಲ್ಯದ ಶಾಲೆಗಳು ಆ ಕಾಲದ ಎಲ್ಲ ಶಾಲೆಗಳಂತೆಯೇ ಇದ್ದವು. ಮಗ್ಗಿಯನ್ನು ಬಾಯಿಪಾಠ ಮಾಡಬೇಕು. ಒಪ್ಪಿಸಲಾರದವನು ಏಟು ತಿನ್ನಬೇಕು. ಶಾಲೆಯೆಂದರೆ ಭಯ, ಮನೆಯೆಂದರೆ ಬಿಡುಗಡೆ. ಅಲ್ಲಿಂದ ಹೊರಬಂದ ಬಹುಮಂದಿ ಆ ಭಯವನ್ನು ಮರೆತು, ತಮ್ಮ ಮಕ್ಕಳನ್ನೂ ಅದೇ ಬಾಗಿಲೊಳಗೆ ದೂಡಿ ನಿಶ್ಚಿಂತರಾಗುತ್ತಿದ್ದರು. ಗಿಜುಭಾಯಿ ಮರೆಯಲಿಲ್ಲ.

ಆದರೂ ಅವರು ಮೊದಲು ಹಿಡಿದದ್ದು ಶಿಕ್ಷಣದ ದಾರಿಯನ್ನಲ್ಲ. 1907ರಲ್ಲಿ ಜೀವನೋಪಾಯಕ್ಕಾಗಿ ಪೂರ್ವ ಆಫ್ರಿಕಕ್ಕೆ ಹೋದರು. ಎರಡು ವರ್ಷಗಳ ತರುವಾಯ ಹಿಂದಿರುಗಿ, ಮುಂಬಯಿಯಲ್ಲಿ ನ್ಯಾಯಶಾಸ್ತ್ರವನ್ನು ಓದಿ, ವಢವಾಣದಲ್ಲಿ ವಕೀಲಿ ವೃತ್ತಿಯನ್ನು ಕೈಗೊಂಡರು. ವೃತ್ತಿ ಕೈಹಿಡಿಯಿತು. ಹೀಗಿರಲು 1913ರಲ್ಲಿ ಅವರಿಗೆ ಗಂಡುಮಗು ಹುಟ್ಟಿತು. ತಾನು ಉಂಡ ಭಯವನ್ನು ಈ ಮಗುವಿಗೂ ಉಣಿಸಬೇಕೇ ಎಂಬ ಪ್ರಶ್ನೆ ತಂದೆಯನ್ನು ಕಾಡತೊಡಗಿತು. ಚರೋತರ ಪ್ರಾಂತದಲ್ಲಿ ಗ್ರಂಥಾಲಯ ಚಳವಳಿಯನ್ನು ಬೆಳೆಸಿದ ಮೋತೀಭಾಯಿ ಅಮೀನರ ಬಳಿ ಅವರು ತಮ್ಮ ಚಿಂತೆಯನ್ನು ತೋಡಿಕೊಂಡರು. ಅಮೀನರು ಅವರನ್ನು ವಸೋ ಎಂಬ ಊರಿಗೆ ಕಳುಹಿಸಿದರು. ಅಲ್ಲಿ ದರಬಾರ ಗೋಪಾಲದಾಸರು ಮಾಂಟೆಸ್ಸೊರಿ ಪದ್ಧತಿಯ ಶಾಲೆಯನ್ನು ನಡೆಸುತ್ತಿದ್ದರು. ವಕೀಲರು ಅದನ್ನು ನೋಡಿದರು. ಮಾಂಟೆಸ್ಸೊರಿಯವರ ಗ್ರಂಥವನ್ನು ಓದಿದರು.

ಮೇರಿಯಾ ಮಾಂಟೆಸ್ಸೊರಿ ಇಟಲಿಯ ವೈದ್ಯೆ. ಮಂದಮತಿಗಳೆಂದು ಜಗತ್ತು ಬದಿಗೆ ಸರಿಸಿದ್ದ ಮಕ್ಕಳಿಗೆ ಕಲಿಸುತ್ತ, ಮಗುವಿನ ಕೈಗೆ ಕೆಲಸ ಕೊಟ್ಟರೆ ಬುದ್ಧಿ ತಾನಾಗಿ ಅರಳುವುದೆಂಬುದನ್ನು ಕಂಡುಕೊಂಡಿದ್ದರು. 1907ರಲ್ಲಿ ರೋಮ್ ನಗರದ ಸಾನ್ ಲೊರೆಂಜೊ ಎಂಬ ಬಡವರ ಕೇರಿಯಲ್ಲಿ ಅವರು ತೆರೆದ ಮಕ್ಕಳ ಮನೆ ಕೆಲವೇ ವರ್ಷಗಳಲ್ಲಿ ಲೋಕಪ್ರಸಿದ್ಧವಾಯಿತು. ದೂರದ ಕಾಠಿಯಾವಾಡದ ವಕೀಲರೊಬ್ಬರ ಬಾಳನ್ನು ಅದು ತಿರುಗಿಸಿತು.

ಭಾವನಗರದಲ್ಲಿ ನಾನಾಭಾಯಿ ಭಟ್ಟರು 1910ರಲ್ಲಿ ದಕ್ಷಿಣಾಮೂರ್ತಿ ಎಂಬ ವಿದ್ಯಾರ್ಥಿನಿಲಯವನ್ನು ಸ್ಥಾಪಿಸಿದ್ದರು. 1916ರಲ್ಲಿ ಗಿಜುಭಾಯಿ ವಕೀಲಿಯನ್ನು ತೊರೆದು ಆ ಸಂಸ್ಥೆಯನ್ನು ಸೇರಿದರು. ಸಂಪಾದನೆಯ ವೃತ್ತಿಯನ್ನು ಬಿಟ್ಟು ಅಲ್ಪವೇತನದ ಉಪಾಧ್ಯಾಯವೃತ್ತಿಗೆ ಬರುವುದು ಸಂಸಾರಸ್ಥನಿಗೆ ಸುಲಭದ ಮಾತಲ್ಲ. ಮೊದಲು ಅವರಿಗೆ ದೊಡ್ಡ ಹುಡುಗರ ಹೊಣೆ ಬಂದಿತು. ಪ್ರೌಢಶಾಲೆಯಲ್ಲಿ ಕೆಲಸ ಮಾಡುತ್ತಿದ್ದಂತೆ, ಕೆಡುಕೆಲ್ಲ ಅದಕ್ಕೂ ಮುಂಚೆಯೇ ನಡೆದುಹೋಗಿರುತ್ತದೆ ಎಂಬುದು ಅವರಿಗೆ ಮನವರಿಕೆಯಾಯಿತು. ಹದಿನೈದನೆಯ ವಯಸ್ಸಿಗೆ ಬರುವಷ್ಟರಲ್ಲಿ ಹುಡುಗನು ಕೇಳುವುದನ್ನು ಬಿಟ್ಟು ಒಪ್ಪಿಸುವುದನ್ನು ಕಲಿತಿರುತ್ತಾನೆ. ಆದುದರಿಂದ ಬುಡದಿಂದಲೇ ಪ್ರಾರಂಭಿಸಬೇಕೆಂದು ಅವರು 1920ರಲ್ಲಿ ಬಾಲಮಂದಿರವನ್ನು ತೆರೆದರು. ಎರಡು ವರ್ಷಗಳ ಅನಂತರ ಅದೇ ದಿಬ್ಬದ ಮೇಲಿನ ಕಟ್ಟಡಕ್ಕೆ ಬಂದಿತು.

ಗಿಜುಭಾಯಿ ಮಾಂಟೆಸ್ಸೊರಿಯವರ ಭಕ್ತರಾಗಿದ್ದರೂ ಅಂಧಾನುಯಾಯಿಗಳಾಗಿರಲಿಲ್ಲ. ಪುಟ್ಟ ಮಕ್ಕಳಿಗೆ ರಾಜ, ರಾಕ್ಷಸ, ಕಿನ್ನರಿಯರ ಕಲ್ಪಿತ ಕಥೆಗಳನ್ನು ಹೇಳುವುದು ಮಾಂಟೆಸ್ಸೊರಿಯವರಿಗೆ ಹಿಡಿಸದು. ಮಗುವಿಗೆ ಮೊದಲು ನಿಜಪ್ರಪಂಚದ ಪರಿಚಯವಾಗಬೇಕೆಂಬುದು ಅವರ ವಾದ. ಅಜ್ಜಿಯ ಬಾಯಿಂದ ಕಥೆ ಕೇಳಿಯೇ ಬೆಳೆಯುವ ನಾಡಿನಲ್ಲಿ ಈ ವಾದ ನಿಲ್ಲದೆಂಬುದನ್ನು ಗಿಜುಭಾಯಿ ಅರಿತರು. ಜನಪದ ಕಥೆಗಳನ್ನು ಸಂಗ್ರಹಿಸಿ, ಮಕ್ಕಳ ಬಾಯಿಗೆ ಒಗ್ಗುವಂತೆ ಮರಳಿ ಬರೆದರು. ರಾಜನು ಯಾವ ಶಿಕ್ಷೆ ಕೊಟ್ಟರೂ ನಗುನಗುತ್ತಲೇ ಹಾಡುವ ಕಾಗೆಯ ಕಥೆ ಇಂದಿಗೂ ಗುಜರಾತಿನ ಮಕ್ಕಳಿಗೆ ಚಿರಪರಿಚಿತ. ಹಾಡು, ಕುಣಿತ, ನಾಟಕ, ತೋಟದ ಕೆಲಸ, ಊರ ಕುಶಲಕರ್ಮಿಗಳ ಆಟಿಕೆ, ಇವೆಲ್ಲ ಬಾಲಮಂದಿರದ ಪಾಠಗಳಾದವು. ನನ್ನ ದೃಷ್ಟಿಯಲ್ಲಿ ಅವರ ನಿಜವಾದ ಸಾಧನೆ ಇದೇ. ಪರದೇಶದ ಪದ್ಧತಿಯನ್ನು ತರುವುದು ದೊಡ್ಡದಲ್ಲ. ಅದನ್ನು ಇಲ್ಲಿಯ ನೆಲದಲ್ಲಿ ಊರಿ ಚಿಗುರಿಸುವುದು ದೊಡ್ಡದು.

ಬಾಲಮಂದಿರವನ್ನು ನೋಡಿ ಮೆಚ್ಚಿದವರೂ ಒಂದು ಆಕ್ಷೇಪಣೆಯನ್ನು ಎತ್ತುವುದು ಸಹಜವಾಗಿತ್ತು. ಇದು ಗುಡ್ಡದ ಮೇಲಿನ ಸೊಗಸಾದ ಶಾಲೆ. ಸರಕಾರದ ಪ್ರಾಥಮಿಕ ಶಾಲೆಯಲ್ಲಿ, ಇಕ್ಕಟ್ಟಿನ ಕೋಣೆಯಲ್ಲಿ, ಪರೀಕ್ಷೆಯ ಕಟ್ಟಿನೊಳಗೆ ಇದೆಲ್ಲ ನಡೆದೀತೇ? ಈ ಪ್ರಶ್ನೆಗೆ ಗಿಜುಭಾಯಿ ಪುಸ್ತಕರೂಪದಲ್ಲಿ ಉತ್ತರ ಕೊಟ್ಟರು. 1930ರ ದಶಕದ ಆರಂಭದಲ್ಲಿ ಪ್ರಕಟವಾದ 'ದಿವಾಸ್ವಪ್ನ' ಎಂಬ ಆ ಕೃತಿ ಕನ್ನಡಕ್ಕೂ ಅನುವಾದವಾಗಿದೆ. ಅದು ಕಲ್ಪಿತ ಕಥೆ. ಆದರೆ ಅನುಭವದ ಬೇರಿನಿಂದ ಬೆಳೆದ ಕಲ್ಪನೆ.

ಅದರಲ್ಲಿ ಲಕ್ಷ್ಮೀಶಂಕರನೆಂಬ ತರುಣನು ವಿದ್ಯಾಧಿಕಾರಿಯ ಬಳಿ ಹೋಗಿ ಒಂದು ವರ್ಷ ಪ್ರಯೋಗ ಮಾಡಲು ನಾಲ್ಕನೆಯ ತರಗತಿಯನ್ನು ಬೇಡಿ ಪಡೆಯುತ್ತಾನೆ. ಮೊದಲ ದಿನ ಮಾಂಟೆಸ್ಸೊರಿಯವರ ಮೌನದ ಆಟವನ್ನು ಆಡಿಸಹೊರಡುತ್ತಾನೆ. ಬಾಗಿಲು ಕಿಟಕಿಗಳನ್ನು ಮುಚ್ಚಿ, ಎಲ್ಲರೂ ಸದ್ದಿಲ್ಲದೆ ಕುಳಿತರೆ ಸಣ್ಣ ಸಣ್ಣ ದನಿಗಳೂ ಕೇಳುತ್ತವೆ ಎಂದು ವಿವರಿಸುತ್ತಾನೆ. ಕತ್ತಲೆಯಲ್ಲಿ ಹುಡುಗರಿಗೆ ಹಬ್ಬವಾಗುತ್ತದೆ. ಒಬ್ಬನು ಕೂಗುತ್ತಾನೆ, ಇನ್ನೊಬ್ಬನು ಚಪ್ಪಾಳೆ ತಟ್ಟುತ್ತಾನೆ, ಮತ್ತೊಬ್ಬನು ನಗುತ್ತಾನೆ. ಪಕ್ಕದ ತರಗತಿಗಳ ಉಪಾಧ್ಯಾಯರು ಮುಸಿನಗುತ್ತಾರೆ. ತರಗತಿಯ ಮುಂದೆ ನಿಂತು ಬಲ್ಲವರಾರಿಗೂ ಈ ಪುಟಗಳನ್ನು ಓದಿ ಬರಿಯ ನಗು ಬರಲಾರದು.

ಬೆತ್ತಕ್ಕೆ ಕೈ ಹಾಕಲು ಇದಕ್ಕಿಂತ ಒಳ್ಳೆಯ ನೆವ ಬೇಕಿರಲಿಲ್ಲ. ಲಕ್ಷ್ಮೀಶಂಕರನಾದರೋ ತಪ್ಪು ಹುಡುಗರದಲ್ಲವೆಂದು ಬಗೆದು, ಮರುದಿನ ಕಥೆ ಹೇಳಲು ಕೂರುತ್ತಾನೆ. ಒಬ್ಬ ರಾಜ, ಅವನಿಗೆ ಏಳು ಮಂದಿ ರಾಣಿಯರು. ಅಷ್ಟಕ್ಕೇ ತರಗತಿ ಮೌನವಾಗುತ್ತದೆ. ಹಿಂದಿನ ದಿನ ಅಪ್ಪಣೆಯಿಂದ ಬಾರದ ಮೌನ ಕುತೂಹಲದಿಂದ ಬರುತ್ತದೆ. ಹಾಜರಿ ಕರೆದ ಮೇಲೆಯೇ ಕಥೆ ಮುಂದುವರಿಯುವುದೆಂದರೆ ಹುಡುಗರು ಶಿಸ್ತಿನಿಂದ ಹಾಜರಿ ಕೊಡುತ್ತಾರೆ. ದಿನಗಟ್ಟಲೆ ಕಥೆಯೇ ನಡೆದುದನ್ನು ಕಂಡು, ಪಾಠವೆಂದು ಎಂದು ಅಧಿಕಾರಿ ಕೇಳುತ್ತಾರೆ. ಪಾಠ ಆಗಲೇ ನಡೆದಿರುತ್ತದೆ. ಕಥೆ ಕೇಳಿದವರಿಗೆ ಕಥೆ ಓದುವ ಆಸೆ ಹುಟ್ಟುತ್ತದೆ. ಎಲ್ಲರೂ ಒಂದೇ ಪಠ್ಯಪುಸ್ತಕವನ್ನು ಕೊಳ್ಳುವ ಬದಲು, ಆ ಹಣವನ್ನು ಒಟ್ಟುಗೂಡಿಸಿ ಬೇರೆ ಬೇರೆ ಪುಸ್ತಕಗಳನ್ನು ತಂದರೆ ತರಗತಿಗೊಂದು ಗ್ರಂಥಾಲಯವೇ ಆಗುತ್ತದೆ. ಒಬ್ಬನ ಪುಸ್ತಕ ಎಲ್ಲರ ಪುಸ್ತಕವಾಗುತ್ತದೆ. ಪಠ್ಯಪುಸ್ತಕದ ಪಾಠವೊಂದರಲ್ಲಿ ಈ ಮಾತನ್ನು ಓದುತ್ತಿರುವ ನಿಮಗೆ ನಗು ಬಂದರೆ ತಪ್ಪಲ್ಲ.

ಅನಂತರದ್ದನ್ನು ಕ್ರಮವಾಗಿ ಹೇಳಬೇಕಾಗಿಲ್ಲ. ವ್ಯಾಕರಣ ಆಟವಾಗುತ್ತದೆ, ಚರಿತ್ರೆ ಕಥೆಯಾಗುತ್ತದೆ, ನಾಟಕವನ್ನು ಬಾಯಿಪಾಠವಿಲ್ಲದೆಯೇ ಆಡುತ್ತಾರೆ. ಕೊಳೆಯಾದ ಉಗುರು, ಗುಂಡಿಯಿಲ್ಲದ ಅಂಗಿ, ಹರಿದ ಟೋಪಿ, ಇವುಗಳತ್ತಲೂ ಉಪಾಧ್ಯಾಯನ ಗಮನ ಹೋಗುತ್ತದೆ. ಎಲ್ಲಕ್ಕಿಂತ ಮುಖ್ಯವಾದುದು ವರ್ಷದ ಕೊನೆಯ ಭಾಗ. ಸ್ಪರ್ಧೆಯೂ ಬಹುಮಾನವೂ ಗೆದ್ದ ಒಬ್ಬನನ್ನು ಬೀಗಿಸಿ, ಸೋತ ಹಲವರನ್ನು ಕುಗ್ಗಿಸುತ್ತವೆ ಎಂಬುದು ಗಿಜುಭಾಯಿಯವರ ದೃಢವಾದ ನಿಲುವು. ಆದುದರಿಂದ ಅವರ ಕಥೆಯಲ್ಲಿ ಬಹುಮಾನದ ಹಣ ಮುಂದಾಳುಗಳ ಕೈಸೇರದೆ ಗ್ರಂಥಾಲಯಕ್ಕೆ ಸಲ್ಲುತ್ತದೆ. ತರಗತಿಯೊಂದನ್ನು ಅಳೆಯಬೇಕಾದುದು ಮುಂದಿನ ಸಾಲಿನಿಂದಲ್ಲ, ಹಿಂದೆ ಉಳಿದ ಮಗುವಿನಿಂದ ಎಂಬ ವಿಚಾರ ಆ ಕಾಲಕ್ಕೆ ಹೊಸದು. ಈ ಕಾಲಕ್ಕೂ ಅದು ಪೂರ್ಣವಾಗಿ ಹಳೆಯದಾಗಿಲ್ಲ.

ಒಬ್ಬರ ಕೈಯಲ್ಲಿ ಫಲಿಸಿದ ಪದ್ಧತಿ ಇನ್ನೊಬ್ಬರ ಕೈಯಲ್ಲಿ ಫಲಿಸಬೇಕಾದರೆ ತರಬೇತಿ ಬೇಕು. ಅದಕ್ಕಾಗಿ ಅವರು ಅಧ್ಯಾಪನ ಮಂದಿರವನ್ನು ತೆರೆದು ಉಪಾಧ್ಯಾಯರನ್ನು ಸಿದ್ಧಗೊಳಿಸಿದರು. ಮರಾಠಿ ಮಾತೃಭಾಷೆಯ ತಾರಾಬಾಯಿ ಮೋಡಕರು ಭಾವನಗರಕ್ಕೆ ಬಂದು ಅವರ ಬಲಗೈಯಾದರು. 1926ರಲ್ಲಿ ನೂತನ ಬಾಲಶಿಕ್ಷಣ ಸಂಘವು ರೂಪುಗೊಂಡಿತು. ಗಿಜುಭಾಯಿಯವರ ಲೇಖನಿಗೆ ಬಿಡುವಿರಲಿಲ್ಲ. ಮಕ್ಕಳಿಗೆ, ಉಪಾಧ್ಯಾಯರಿಗೆ, ಹೆತ್ತವರಿಗೆ ಎಂದು ಅವರು ಬರೆದ ಹೊತ್ತಗೆಗಳು ಚಿಕ್ಕವು ದೊಡ್ಡವು ಸೇರಿ ಇನ್ನೂರರಷ್ಟಿವೆ. ತಂದೆತಾಯಿಗಳಾಗುವುದು ಕಷ್ಟವೆಂಬುದೇ ಅವುಗಳಲ್ಲಿ ಒಂದರ ಹೆಸರು.

ಇಪ್ಪತ್ತು ವರ್ಷ ದುಡಿದ ದಕ್ಷಿಣಾಮೂರ್ತಿಯನ್ನು ಅವರು 1936ರಲ್ಲಿ ಬಿಟ್ಟರು. ಆ ಬಳಿಕ ರಾಜಕೋಟೆಯಲ್ಲಿ ಉಪಾಧ್ಯಾಯರ ತರಬೇತಿಯನ್ನು ಪುನಃ ಕೈಗೊಂಡರು. ದೇಹ ಜರ್ಜರಿತವಾಗಿತ್ತು. 1939ನೆಯ ಜೂನ್ 23ರಂದು ಮುಂಬಯಿಯಲ್ಲಿ ತೀರಿಕೊಂಡಾಗ ಅವರಿಗೆ ಐವತ್ತುನಾಲ್ಕು ವರ್ಷವೂ ತುಂಬಿರಲಿಲ್ಲ. ಅವರು ದೂರದಿಂದಲೇ ಗುರುವೆಂದು ಭಾವಿಸಿದ್ದ ಮಾಂಟೆಸ್ಸೊರಿಯವರು ಭಾರತಕ್ಕೆ ಬಂದು ಮದರಾಸಿನ ಅಡಯಾರಿನಲ್ಲಿ ತರಬೇತಿ ಪ್ರಾರಂಭಿಸಿದ್ದು ಅದೇ ವರ್ಷದ ಕೊನೆಯಲ್ಲಿ.

ತಾರಾಬಾಯಿಯವರು ಕೆಲಸವನ್ನು ನಿಲ್ಲಿಸಲಿಲ್ಲ. 1945ರಲ್ಲಿ ಅವರು ಮಹಾರಾಷ್ಟ್ರದ ಕರಾವಳಿಯ ಬೋರ್ಡಿ ಎಂಬ ಹಳ್ಳಿಗೆ ಹೋಗಿ, ಅನುತಾಯಿ ವಾಘರೊಡನೆ ಬಡವರ ಕೇರಿಯಲ್ಲಿ, ಮನೆಯಂಗಳದಲ್ಲಿಯೇ ಮಕ್ಕಳನ್ನು ಕೂಡಿಸಿಕೊಂಡು ಕಲಿಸಿದರು. ಅಂಗಳದ ಆ ಶಾಲೆಗೆ ಅಂಗನವಾಡಿ ಎಂಬ ಹೆಸರಾಯಿತು. 1957ರಲ್ಲಿ ಕೋಸಬಾಡದ ಗುಡ್ಡಕ್ಕೆ ನೆಲೆ ಬದಲಿಸಿದಾಗ ಸುತ್ತಲಿದ್ದವರು ವಾರಲೀ ಬುಡಕಟ್ಟಿನವರು. ಅವರ ಮಕ್ಕಳು ಹಗಲೆಲ್ಲ ದನ ಮೇಯಿಸುತ್ತಿದ್ದುದರಿಂದ ಶಾಲೆಗೆ ಬರುವಂತಿರಲಿಲ್ಲ. ಉಪಾಧ್ಯಾಯರೇ ಪಾಠದ ಸಾಮಗ್ರಿಯನ್ನು ಹೊತ್ತು ಹುಲ್ಲುಗಾವಲಿಗೆ ಹೋದರು. ದನಗಳು ಮೇಯುತ್ತಿದ್ದವು, ಮಕ್ಕಳು ಕಲಿಯುತ್ತಿದ್ದರು. 1975ನೆಯ ಅಕ್ಟೋಬರ್ 2ರಂದು ಭಾರತ ಸರಕಾರವು ಎಳೆಯ ಮಕ್ಕಳ ಅಭಿವೃದ್ಧಿ ಯೋಜನೆಯನ್ನು ಆರಂಭಿಸಿದಾಗ ಅದರ ಕೇಂದ್ರಗಳಿಗೂ ಅಂಗನವಾಡಿ ಎಂಬ ಹೆಸರೇ ನಿಂತಿತು. ಕರ್ನಾಟಕದಲ್ಲಿ ಆ ಯೋಜನೆ ಮೊದಲು ಬಂದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರಕ್ಕೆ.